ಓಟಕ್ಕೆ ಅಗ್ಗದ ಶೂ: ಪಿವಿಸಿ ಸೋಲೋ, ಇವಿಎ ಸೋಲೋ?
ಬಳ್ಳಾರಿಯಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ 1600 ಮೀಟರ್ ಓಟಕ್ಕೆ ತಯಾರಾಗುವವರು ಶೂ ಬಣ್ಣ ಬಿಟ್ಟು ಸೋಲ್ ನೋಡಬೇಕು. ಪಿವಿಸಿ (ಒಂದು ಬಗೆಯ ಪ್ಲಾಸ್ಟಿಕ್) ಅಗ್ಗ, ಬಾಳಿಕೆಯೂ ಹೆಚ್ಚು. ಆದರೆ ಭಾರ, ಗಟ್ಟಿ. ಪೆಟ್ಟೆಲ್ಲ ಮೊಣಕಾಲಿಗೇ. ಇವಿಎ (ಸ್ಪಂಜಿನಂಥ ಫೋಮ್) ಹಗುರ, ಹೆಬ್ಬೆರಳಿನಿಂದ ಅದುಮಿದರೆ ತಗ್ಗಿ ಮತ್ತೆ ಉಬ್ಬುತ್ತದೆ. ಡಾಂಬರಿನ ಮೇಲೆ ಬೇಗ ಸವೆಯುವುದೇ ಇದರ ದೋಷ. ಹಾಗಾಗಿ ಹಿಮ್ಮಡಿ, ಮುಂಗಾಲಿನಡಿ ರಬ್ಬರ್ ಅಂಟಿಸಿರುವುದನ್ನೇ ಆರಿಸಿ. ಕೈಯಲ್ಲಿ ಬಗ್ಗಿಸಿದಾಗ ಬೆರಳ ಬುಡದಲ್ಲಿ ಬಾಗಬೇಕು, ನಡುವೆ ಮಡಚಿದರೆ ಬೇಡ.

ಕಾಲು ತುಸು ಊದಿರುವ ಸಂಜೆ ಹೊತ್ತು, ಓಡುವಾಗಿನ ಸಾಕ್ಸ್ ಹಾಕಿಯೇ ಅಳತೆ ನೋಡಿ. ಮುಂದೆ ಹೆಬ್ಬೆರಳಗಲ ಜಾಗವಿರಲಿ. ಇಲ್ಲದಿದ್ದರೆ ಉಗುರು ಕಪ್ಪಾಗುತ್ತದೆ. ದೊಡ್ಡ ಬ್ರ್ಯಾಂಡಿನ ನಕಲಿಗಿಂತ ಸಾದಾ ಕಂಪನಿಯ ಅಸಲಿ ಇವಿಎ ಮೇಲು. ತೊಳೆದ ಶೂ ನೆರಳಲ್ಲೇ ಒಣಗಿಸಿ, ನಮ್ಮ ಬಿಸಿಲಿಗೆ ಅಂಟು ಬಿಡುತ್ತದೆ.