ಚದುರಿ ನಿಂತವರ ಗುಂಡಿಗೆ ಯಾವ ದಾಳ? ಮೂರು ನಿಯಮ ಆಡಿ ನೋಡಿದ ಮೇಲೆ

ಪುಟಾಣಿ ಸೈನಿಕರನ್ನಿಟ್ಟು ಹಳೆಯ ಯುದ್ಧಗಳನ್ನು ಆಡುವವರಿಗೆಲ್ಲ ಒಂದು ತಲೆನೋವು ಇದ್ದೇ ಇದೆ. ಸಾಲಾಗಿ ನಿಂತ ಬೆಟಾಲಿಯನ್ ಗುಂಡು ಹಾರಿಸಿದರೆ ಲೆಕ್ಕ ಸುಲಭ. ಆದರೆ ಆ ಸಾಲಿನ ಮುಂದೆ ಇಬ್ಬಿಬ್ಬರಾಗಿ ಚದುರಿ, ಬಂಡೆಯ ಮರೆಯಿಂದ ಹೊಡೆಯುವ ಸ್ಕರ್ಮಿಷರ್‌ಗಳಿದ್ದಾರಲ್ಲ, ಅವರಿಗೆ ಎಷ್ಟು ದಾಳ? ಜಾಸ್ತಿ ಕೊಟ್ಟರೆ ಒಂದು ಕಂಪನಿ ಇಡೀ ಬೆಟಾಲಿಯನ್ನನ್ನೇ ನುಂಗುತ್ತದೆ. ಕಡಿಮೆ ಕೊಟ್ಟರೆ ಅವರು ಮೇಜಿನ ಮೇಲೆ ಸುಮ್ನೆ ಅಲಂಕಾರಕ್ಕೆ.

ನಾನು ಮತ್ತು ನಮ್ಮ ಭಾವ ಮೂರು ರೀತಿ ಆಡಿ ನೋಡಿದೆವು. ಮೂರಕ್ಕೂ ಒಂದೇ ಕಾಳಗ: 1810ರ ಸೆಪ್ಟೆಂಬರ್ 27, ಪೋರ್ಚುಗಲ್‌ನ ಬುಸಾಕೋ ಬೆಟ್ಟ. ಕೆಳಗಿನಿಂದ ಫ್ರೆಂಚರು ಹತ್ತಿ ಬರುತ್ತಾರೆ. ಮುಂದೆ ಅವರ ಸ್ಕರ್ಮಿಷರ್‌ಗಳು, ಹಿಂದೆ ದಟ್ಟ ಕಾಲಂಗಳು. ಇಳಿಜಾರಿನಲ್ಲಿ ಅವರನ್ನು ತಡೆಯಲು ಹಸಿರು ಅಂಗಿಯ ಬ್ರಿಟಿಷ್ 95ನೇ ರೈಫಲ್ಸ್, ಕಂದು ಅಂಗಿಯ ಕಸಡೋರ್ ಎಂಬ ಪೋರ್ಚುಗೀಸ್ ಹಗುರ ಪದಾತಿಗಳು. ಬೆಟ್ಟದ ನೆತ್ತಿಯ ಆಚೆ ತಗ್ಗಿನಲ್ಲಿ 43 ಮತ್ತು 52ನೇ ರೆಜಿಮೆಂಟ್‌ಗಳು ಅಡಗಿ ಕೂತಿವೆ. ಫ್ರೆಂಚರು ಏದುಸಿರು ಬಿಡುತ್ತಾ ಮೇಲೆ ಬಂದಾಗ ಇವರು ಎದ್ದು ಅವರ ಮೇಲೆ ಬೀಳಬೇಕು. ಅಂದರೆ ಹಸಿರು ಅಂಗಿಯವರ ಕೆಲಸ ಹೆಣ ಎಣಿಸುವುದಲ್ಲ. ಹತ್ತುವವರನ್ನು ತಡಮಾಡಿಸುವುದು, ತಮ್ಮ ಹಿಂದಿರುವವರು ಕಾಣದ ಹಾಗೆ ನೋಡಿಕೊಳ್ಳುವುದು. ನಿಯಮ ಇದನ್ನು ಮಾಡಿ ತೋರಿಸುತ್ತದೆಯೇ ಎನ್ನುವುದೇ ನನ್ನ ಅಳತೆಗೋಲು.

ಮೊದಲು ಬ್ಲ್ಯಾಕ್ ಪೌಡರ್ ಎಂಬ ನಿಯಮಪುಸ್ತಕ. ಸ್ಕರ್ಮಿಷರ್‌ಗಳ ಸಣ್ಣ ತುಕಡಿಗೆ ಎರಡು ದಾಳ ಕೊಟ್ಟೆವು. 4 ಅಥವಾ ಮೇಲೆ ಬಿದ್ದರೆ ಏಟು. ಎದುರಿನವರೂ ಚದುರಿದ್ದರೆ ಒಂದು ಕಳೆಯಬೇಕು, ಆಗ 5 ಬೇಕು. ಬಿದ್ದ ಏಟನ್ನೂ ಎದುರಾಳಿ ಇನ್ನೊಂದು ದಾಳ ಹಾಕಿ ತಪ್ಪಿಸಿಕೊಳ್ಳಬಹುದು. ನಾವು ಅದಕ್ಕೆ 4 ಇಟ್ಟುಕೊಂಡೆವು. ಲೆಕ್ಕ ಹಾಕಿ: ಚದುರಿದವರು ಚದುರಿದವರಿಗೆ ಹೊಡೆದರೆ ಮೂರು ಸುತ್ತಿಗೆ ಸರಾಸರಿ ಒಂದು ಏಟು. ತುಂಬಾ ನಿಧಾನ, ಆದರೆ ಸರಿಯಾಗಿಯೇ ಇದೆ.

ಮಜಾ ಇರುವುದು 6ರಲ್ಲಿ. ಹೊಡೆಯುವ ದಾಳದಲ್ಲಿ 6 ಬಿದ್ದರೆ ಗುರಿಯಾದ ತುಕಡಿ ಅಸ್ತವ್ಯಸ್ತ. ಆಮೇಲೆ ಅದು ಆರ್ಡರ್ ಕೇಳುವುದಿಲ್ಲ. ಎರಡು ದಾಳದಲ್ಲಿ ಒಂದಾದರೂ 6 ಬೀಳುವ ಸಾಧ್ಯತೆ 36ರಲ್ಲಿ 11. ಮೂರು ತುಕಡಿ ಒಂದೇ ಕಾಲಂ ಮೇಲೆ ಬಿದ್ದರೆ ಮೂರರಲ್ಲಿ ಎರಡು ಸಲ ಆ ಕಾಲಂ ಇದ್ದಲ್ಲೇ ನಿಲ್ಲುತ್ತದೆ. ಭಾವ ಇದನ್ನು ಎರಡನೇ ಸುತ್ತಿಗೇ ಕಂಡುಹಿಡಿದರು. ರೈಫಲ್‌ಗಳನ್ನು ಪಕ್ಕಕ್ಕೆ ತಂದು ನನ್ನ ಒಂದೊಂದೇ ಕಾಲಂಗೆ ಗುರಿ ಇಟ್ಟರು. ಪ್ರತಿ ಸುತ್ತಿಗೂ ಗರ! ನನ್ನ ಫ್ರೆಂಚರು ಅರ್ಧ ಬೆಟ್ಟದಲ್ಲೇ ಬಿಡಾರ ಹೂಡಿದರು. ತಡಮಾಡಿಸುವುದು ಸರಿ, ಆದರೆ ನಿಜವಾದ ಬುಸಾಕೋದಲ್ಲಿ ಅವರು ನೆತ್ತಿಯ ತನಕ ಬಂದಿದ್ದರು. ಇಲ್ಲಿ 43 ಮತ್ತು 52 ಏಳುವ ಪ್ರಸಂಗವೇ ಬರಲಿಲ್ಲ.

ಇನ್ನೊಂದು ದೂರು ದೂರದ್ದು. ಸಾಮಾನ್ಯ ಸೈನಿಕನ ಮಸ್ಕೆಟ್ ಬಂದೂಕಿಗೆ 18 ಇಂಚು, ರೈಫಲ್‌ಗೆ 24. ಹಸಿರು ಅಂಗಿಯವರ ಬೇಕರ್ ರೈಫಲ್ ಪಳಗಿದ ಕೈಯಲ್ಲಿದ್ದರೆ 200 ಗಜದಲ್ಲೂ ನಂಬಬಹುದಿತ್ತು. ಮಸ್ಕೆಟ್‌ನಲ್ಲಿ 100 ಗಜದಾಚೆ ಒಬ್ಬನಿಗೇ ಗುರಿ ಇಡುವುದು ದೇವರ ಮೇಲೆ ಭಾರ ಹಾಕಿದಂತೆ. ಆ ಅಂತರ ಮೇಜಿನ ಮೇಲೆ ಕಾಣುವುದಿಲ್ಲ.

ಎರಡನೆಯದು ಶಾರ್ಪ್ ಪ್ರಾಕ್ಟೀಸ್ ಎಂಬ ಇನ್ನೊಂದು ನಿಯಮಪುಸ್ತಕ. ಇಲ್ಲಿ ಒಂದು ಬೊಂಬೆ ಎಂದರೆ ಒಬ್ಬ ಮನುಷ್ಯ, ಹಾಗಾಗಿ ಇಡೀ ಬೆಟ್ಟ ಆಗುವುದಿಲ್ಲ. ಅದೇ ಬುಸಾಕೋದ ಸುಲಾ ಹಳ್ಳಿಯ ಒಂದು ಮೂಲೆ ಮಾತ್ರ ಆಡಿದೆವು. ಹೋಲಿಕೆಗೆ ಇದು ಸ್ವಲ್ಪ ಮೋಸವೇ. ಆರು ಜನರ ಗುಂಪು, ತಲೆಗೊಂದು ದಾಳ. ಏಟು ಬಿದ್ದರೆ ಮತ್ತೆ ದಾಳ: ಏನೂ ಇಲ್ಲ, ಇಲ್ಲವೇ ಶಾಕ್, ಇಲ್ಲವೇ ಸಾವು. ನನಗೆ ಈ ಶಾಕ್ ಬಹಳ ಹಿಡಿಸಿತು. ಒಂದೊಂದು ಶಾಕ್‌ಗೂ ನಡೆಯುವ ದೂರ ಒಂದೊಂದು ಇಂಚು ಕಡಿಮೆ. ನಾಯಕ ತನ್ನ ಸರದಿಯಲ್ಲಿ ಬೆನ್ನು ತಟ್ಟಿ ಅದನ್ನು ಇಳಿಸಬೇಕು. ಇಳಿಸುತ್ತಾ ಕೂತರೆ ಮುಂದೆ ನಡೆಸುವವರಿಲ್ಲ. ಯಾರೂ ಸಾಯದೆಯೂ ನನ್ನ ಫ್ರೆಂಚರು ಕುಂಟತೊಡಗಿದರು. ಆದರೂ ನಿಲ್ಲಲಿಲ್ಲ! ಬ್ಲ್ಯಾಕ್ ಪೌಡರ್‌ನಲ್ಲಿ ಒಂದೇ ಸಲ ಬೀಗ ಬಿದ್ದ ಹಾಗೆ ಆಗುತ್ತದೆ. ಇಲ್ಲಿ ಕೆಸರಿನಲ್ಲಿ ಕಾಲಿಟ್ಟ ಹಾಗೆ.

ಯಾರ ಸರದಿ ಎನ್ನುವುದಕ್ಕೆ ಚೀಲದಿಂದ ಬಿಲ್ಲೆ ತೆಗೆಯಬೇಕು. ಟಿಫಿನ್ ಎಂಬ ಬಿಲ್ಲೆ ಬಂದರೆ ಸುತ್ತು ಮುಗಿಯಿತು. ಭಾವ "ಟಿಫಿನ್ ಬಂತು!" ಎಂದು ಕೂಗಿದಾಗ ಅಕ್ಕ ಒಳಗಿನಿಂದ, "ಇನ್ನೂ ಇಡ್ಲಿ ಬೆಂದಿಲ್ಲ, ತಡೀರಿ" ಎಂದಳು. ತೊಂದರೆ ಹೊತ್ತಿನದು. ಹಳ್ಳಿಯ ಆ ಮೂಲೆಗೇ ಒಂದು ಸಂಜೆ ಬೇಕಾಯಿತು. ಇಡೀ ಬುಸಾಕೋ ಹೀಗೆ ಆಡಿದರೆ ಮುಂದಿನ ಯುಗಾದಿ ಬರುತ್ತದೆ.

ಮೂರನೆಯದು ನಾವೇ ಕಟ್ಟಿಕೊಂಡದ್ದು. ಗುಂಡು ಗುಂಡಿಗೆ ದಾಳ ಬೇಡ. ಪ್ರತಿ ಸುತ್ತಿನ ಶುರುವಿನಲ್ಲಿ ಎರಡೂ ಕಡೆಯವರು ಒಂದೊಂದು ದಾಳ ಹಾಕುವುದು. ಎದುರಿಗಿಂತ ಹೆಚ್ಚಿರುವ ಪ್ರತಿ ಕಂಪನಿಗೆ ಒಂದು, ಮರೆಗೆ ಒಂದು, ರೈಫಲ್‌ಗೆ ಒಂದು ಸೇರಿಸಬೇಕು. ಒಟ್ಟು 3ಕ್ಕಿಂತ ಜಾಸ್ತಿ ಸೇರಿಸುವಂತಿಲ್ಲ. ಗೆದ್ದವರ ಅಂತರ 2 ಅಥವಾ 3 ಆದರೆ ಸೋತ ಸ್ಕರ್ಮಿಷರ್‌ಗಳು ತಮ್ಮ ಸಾಲಿಗೆ ಹಿಂದೆ ಸರಿಯುತ್ತಾರೆ. 4 ಅಥವಾ ಜಾಸ್ತಿ ಆದರೆ ಅವರ ಹಿಂದಿನ ಕಾಲಂ ಕೂಡ ಆ ಸುತ್ತಿನಲ್ಲಿ ಅರ್ಧ ದೂರವೇ ನಡೆಯುತ್ತದೆ. ಒಂದು ಕಡೆಗೆ 2ರ ಅನುಕೂಲ ಇದ್ದರೆ ಎದುರಿನವರನ್ನು ಹಿಂದೆ ಸರಿಸುವ ಸಾಧ್ಯತೆ 36ರಲ್ಲಿ 21. ಸಾಕಷ್ಟಿದೆ, ಆದರೆ ಗ್ಯಾರಂಟಿ ಇಲ್ಲ.

ಇದೇ ನಿಯಮದ ಎರಡನೇ ಆಟಕ್ಕೆ ಒಂದು ತಿದ್ದುಪಡಿ ಬೇಕಾಯಿತು. ಬೇಕರ್ ರೈಫಲ್‌ನ ಗುಂಡು ಎಣ್ಣೆ ಸವರಿದ ತೊಗಲಿನ ಚೂರಿನಲ್ಲಿ ಸುತ್ತಿ, ಬಿಗಿಯಾಗಿ ಗಿಡಿಯಬೇಕಾದದ್ದು. ಮಸ್ಕೆಟ್‌ನವನು ನಿಮಿಷಕ್ಕೆ ಮೂರು ಹಾರಿಸುವಾಗ ಇವನು ಎರಡು. ಹಾಗಾಗಿ ಶತ್ರು ತೀರಾ ಹತ್ತಿರ ಬಂದರೆ ರೈಫಲ್‌ನ ಆ ಒಂದು ಅಂಕ ಕಟ್. ಇಷ್ಟಾದ ಮೇಲೆ ಬುಸಾಕೋ ಬುಸಾಕೋ ಥರ ಕಂಡಿತು. ಫ್ರೆಂಚರು ನೆತ್ತಿಗೆ ಬಂದರು, ತಡವಾಗಿ, ಸುಸ್ತಾಗಿ. 52ನೇ ರೆಜಿಮೆಂಟ್ ಎದ್ದಿತು. ನಾನು ಸೋತೆ.

ಗೆದ್ದ ಭಾವನಿಗೇ ಸಮಾಧಾನವಿಲ್ಲ. "ಈ ಹಸಿರು ಅಂಗಿಯವರಿಗೆ ಬಣ್ಣ ಹಚ್ಚೋಕೆ ಎರಡು ವಾರ ಹಿಡೀತು ಕಣೋ. ಒಂದು ದಾಳದಲ್ಲಿ ಮುಗಿಸಿಬಿಡ್ತೀಯಾ?" ಅವರ ಮಾತೂ ನಿಜ ಅಲ್ವಾ? ಆದರೂ ದೊಡ್ಡ ಕಾಳಗಕ್ಕೆ ನನ್ನ ಓಟು ಇದಕ್ಕೇ.

ಆ ಧೈರ್ಯದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದೆವು. ಬುಸಾಕೋದಲ್ಲಿ ಗೆದ್ದ ವೆಲಿಂಗ್ಟನ್ ಇನ್ನೂ ಕರ್ನಲ್ ವೆಲೆಸ್ಲಿ ಆಗಿದ್ದಾಗ, 1799ರ ಏಪ್ರಿಲ್ 5ರ ರಾತ್ರಿ, ಸುಲ್ತಾನ್‌ಪೇಟೆ ತೋಪಿಗೆ ನುಗ್ಗಿ ದಾರಿ ತಪ್ಪಿದ್ದ. ಕತ್ತಲು, ಕಾಲುವೆಗಳು, ಮರಗಳ ನಡುವಿನಿಂದ ಟಿಪ್ಪು ಕಡೆಯವರ ಗುಂಡು ಮತ್ತು ರಾಕೆಟ್. ನಮ್ಮ ನಿಯಮ ಅಲ್ಲಿ ಹತ್ತು ನಿಮಿಷದಲ್ಲೇ ಕೈಕೊಟ್ಟಿತು. ಸೋತವರು ತಮ್ಮ ಸಾಲಿಗೆ ಸರಿಯಬೇಕು ಎಂದು ಬರೆದಿದ್ದೆವು. ತೋಪಿನಲ್ಲಿ ಸಾಲೇ ಇಲ್ಲ, ಎಲ್ಲರೂ ಚದುರಿದವರೇ. ಭಾವ ಏನೂ ಹೇಳಲಿಲ್ಲ. ಎದ್ದು ಹೋಗಿ ಟಿಫಿನ್ ಬಿಲ್ಲೆಯ ಚೀಲ ತಂದು ಮೇಜಿನ ಮೇಲಿಟ್ಟರು.