ಹಾವಿರುವ ರೂಮಿನಲ್ಲೇ ಊಟದ ಇಲಿ: ಲ್ಯಾಬ್ ಮಾದರಿಯ ಪಾಲಿಪ್ರೊಪಿಲೀನ್ ಕೇಜ್ ಸಾಕೇ?

ಹಾಲುಬಣ್ಣದ ಪ್ಲಾಸ್ಟಿಕ್ ತೊಟ್ಟಿ, ಮೇಲೆ ಸ್ಟೀಲ್ ಗ್ರಿಲ್, ಗ್ರಿಲ್ಲಿನ ನಡುವೆ ಆಹಾರ ಹಾಕಲು ತಗ್ಗು, ಪಕ್ಕದಲ್ಲಿ ಓರೆಯಾಗಿ ಮಲಗಿಸಿದ ನೀರಿನ ಬಾಟಲ್. ಫಾರ್ಮಸಿ ಕಾಲೇಜಿನ ಅನಿಮಲ್ ಹೌಸ್ ನೋಡಿದವರಿಗೆ ಈ ಕೇಜ್ ಪರಿಚಿತ. ಮೈಸೂರಿನಲ್ಲಿ ಲ್ಯಾಬ್ ಸಾಮಾನು ಮಾರುವವರಿಗೆ ಹೇಳಿದರೆ ತರಿಸಿಕೊಡುತ್ತಾರೆ. 30×40 ಸೈಟಿನ ಮನೆಯಲ್ಲಿ ಬಿಡುವಿರುವುದು ಒಂದೇ ರೂಮು, ಸಾಕಿದ ಬಾಲ್ ಪೈಥಾನೂ (ಆಫ್ರಿಕಾದ ಚಿಕ್ಕ ಹೆಬ್ಬಾವು) ಅಲ್ಲೇ, ಅದರ ಊಟದ ಇಲಿಯೂ ಅಲ್ಲೇ ಎನ್ನುವವರಿಗೆ ಈ ಕೇಜ್ ಎಷ್ಟು ಕೆಲಸಕ್ಕೆ ಬರುತ್ತದೆ ಎಂದು ನೋಡೋಣ. ಇಲಿ ತಪ್ಪಿಸಿಕೊಳ್ಳದಂತೆ ಇದು ಚೆನ್ನಾಗಿ ತಡೆಯುತ್ತದೆ. ವಾಸನೆಯನ್ನು ಒಂದಿಷ್ಟೂ ತಡೆಯುವುದಿಲ್ಲ, ತೊಂದರೆಗಳೆಲ್ಲ ಅಲ್ಲಿಂದಲೇ ಶುರು.

ಇಲ್ಲಿ ಹೇಳುತ್ತಿರುವುದು ಹೊರದೇಶದ ಹಾವುಗಳ ವಿಷಯ. ನಮ್ಮ ಕೇರೆ, ಹೆಬ್ಬಾವುಗಳನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಾಲ್ ಪೈಥಾನ್ ಇದ್ದವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿರಲೇಬೇಕು.

ದೊಡ್ಡ ಇಲಿಗೆಂದು ಮಾರುವ ಕೇಜ್ ಸುಮಾರು 41 ಸೆಂ.ಮೀ. ಉದ್ದ, 28 ಅಗಲ, 15 ಎತ್ತರ. ತಳದ ಜಾಗ ಒಂದು ತಾಯಿ ಮತ್ತು ಅದರ ಮರಿಗಳಿಗೆ, ಇಲ್ಲವೇ ಬೆಳೆದ ಎರಡು ಹೆಣ್ಣಿಗೆ ಸರಿ. ಒಂದು ಗಂಡು, ಮೂರು ಹೆಣ್ಣನ್ನು ಇದರಲ್ಲೇ ತುಂಬುವುದು ತಪ್ಪು. ಎತ್ತರವೂ ಕಡಿಮೆ, ಗ್ರಿಲ್ಲಿನ ತಗ್ಗು ಕೆಳಗಿಳಿದಿರುವ ಕಡೆ ಬೆಳೆದ ಗಂಡಿಲಿ ಹಿಂಗಾಲ ಮೇಲೆ ಎದ್ದು ನಿಲ್ಲಲಾರದು. 20 ಸೆಂ.ಮೀ. ಎತ್ತರದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಗ್ರಿಲ್ ಸುಲಭಕ್ಕೆ ತುಕ್ಕು ಹಿಡಿಯದ 304 ದರ್ಜೆಯ ಸ್ಟೀಲಿನದೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ. ಪಾಲಿಶ್ ಕೊಟ್ಟ ಕಬ್ಬಿಣವಾದರೆ ಉಚ್ಚೆ ತಾಗಿ ಮೊದಲು ವೆಲ್ಡಿಂಗ್ ಗಂಟುಗಳಲ್ಲಿ ತುಕ್ಕು ಕಾಣಿಸುತ್ತದೆ, ಆಮೇಲೆ ಕಂಬಿಯೇ ಬಿಟ್ಟುಕೊಳ್ಳುತ್ತದೆ. ಇದೇ ಗ್ರಿಲ್ಲಿನಲ್ಲಿ ಸುಂಡಿಲಿ ಇಡಬೇಡಿ, ಅದರ ಮರಿಗಳು ಕಂಬಿ ಸಂದಿಯಲ್ಲಿ ನುಸುಳುತ್ತವೆ.

ಬಾಟಲಿನ ಬಿರಡೆ ಸಡಿಲವಿದ್ದರೆ ರಾತ್ರಿ ಬೆಳಗಾಗುವುದರಲ್ಲಿ ತೊಟ್ಟಿಯ ತಳಕ್ಕೆ ಹರಡಿದ ಹೊಟ್ಟಿನ ಹಾಸು ಪೂರ್ತಿ ನೆನೆದಿರುತ್ತದೆ. ತುಂಬಿಸಿ ಸಿಂಕ್ ಮೇಲೆ ಹತ್ತು ನಿಮಿಷ ತಲೆಕೆಳಗೆ ಹಿಡಿದು ನೋಡಿ: ಮೊದಲ ನಾಲ್ಕೈದು ಹನಿ ಬಿದ್ದು ನಿಲ್ಲಬೇಕು. ನಳಿಕೆಯ ತುದಿ ಹಾಸನ್ನು ಮುಟ್ಟಿದರೂ ಬಾಟಲ್ ಖಾಲಿಯಾಗುತ್ತದೆ, ಹಾಗಾಗಿ ಹೊಟ್ಟನ್ನು ನಳಿಕೆಯ ಕೆಳಗೆ ಗುಡ್ಡೆ ಹಾಕಬೇಡಿ.

ಹಾಸು ನೆನೆಯುವುದು ಅಷ್ಟೊಂದು ದೊಡ್ಡ ವಿಷಯವಾಗುವುದು ಅಮೋನಿಯಾದಿಂದ. ಉಚ್ಚೆಯಲ್ಲಿರುವ ಯೂರಿಯಾವನ್ನು ಹಾಸಿನ ಬ್ಯಾಕ್ಟೀರಿಯಾ ಒಡೆದು ಅಮೋನಿಯಾ ಮಾಡುತ್ತವೆ. ಬಿಸಿ, ತೇವ ಹೆಚ್ಚಿದಷ್ಟೂ ಅದು ಬೇಗ. ಬಾಲ್ ಪೈಥಾನಿಗೆ ಬೇಕಾದದ್ದು 31–32 ಡಿಗ್ರಿಯ ಬಿಸಿ ಮೂಲೆ ಮತ್ತು ಶೇ. 60ರ ಆಸುಪಾಸಿನ ತೇವಾಂಶ. ಇಲಿಗೆ ಬೇಕಾದದ್ದು 20–25 ಡಿಗ್ರಿಯ ತಂಪು ಗಾಳಿ. ಹಾವಿಗೆಂದು ರೂಮನ್ನೇ ಬಿಸಿ ಮಾಡಿದರೆ ಇಲಿ ಸೊರಗುತ್ತದೆ, 32 ದಾಟಿದರೆ ಗಂಡುಗಳ ಸಂತಾನಶಕ್ತಿಯೂ ಕುಗ್ಗುತ್ತದೆ. ಆದ್ದರಿಂದ ಬಿಸಿ ಹಾವಿನ ಟಬ್ಬಿನೊಳಗೇ ಇರಲಿ: ಹೀಟ್ ಮ್ಯಾಟ್, ಥರ್ಮೊಸ್ಟ್ಯಾಟ್, ಮುಚ್ಚಳ. ಏಪ್ರಿಲ್‌ನಲ್ಲಿ ಮಂಡ್ಯದ ತಾರಸಿ ಕೆಳಗಿನ ರೂಮು ತಾನಾಗಿಯೇ 33 ಮುಟ್ಟುತ್ತದೆ. ಅಂಥ ರೂಮಿನಲ್ಲಿ ಬೇಸಿಗೆಯಲ್ಲಿ ಇಲಿ ಇಡಲೇಬೇಡಿ.

ಅಮೋನಿಯಾ ಹೆಚ್ಚಾದರೆ ಇಲಿಯ ಶ್ವಾಸಕೋಶದಲ್ಲಿ ಅಡಗಿರುವ ಮೈಕೊಪ್ಲಾಸ್ಮಾ ಸೋಂಕು ಕೆರಳುತ್ತದೆ. ಸೀನು, ಗೊರಗೊರ ಉಸಿರು, ಕಣ್ಣು ಮೂಗಿನ ಸುತ್ತ ಕೆಂಪು ಕಲೆ. ಆ ಕೆಂಪು ರಕ್ತದಂತೆ ಕಂಡರೂ ಅದು ಕಣ್ಣಿನ ಹಿಂದಿನ ಗ್ರಂಥಿಯ ಸ್ರಾವ. ಘಾಟು ಪರೀಕ್ಷಿಸುವುದಿದ್ದರೆ ಬಾಗಿಲು ತೆಗೆದ ಕೂಡಲೇ ಗ್ರಿಲ್ ಹತ್ತಿರ ಮುಖ ತಂದು ನೋಡಿ. ಸ್ವಲ್ಪ ಹೊತ್ತು ಒಳಗಿದ್ದರೆ ಮೂಗು ಒಗ್ಗಿಹೋಗಿ ಏನೂ ಗೊತ್ತಾಗುವುದಿಲ್ಲ. ಮಂಡ್ಯ ಕಡೆಯ ಅಕ್ಕಿ ಗಿರಣಿಗಳಲ್ಲಿ ಸಿಗುವ ಭತ್ತದ ಹೊಟ್ಟು ಅಗ್ಗ, ಆದರೆ ನೀರು ಹೀರುವುದು ಕಡಿಮೆ, ದೂಳು ಜಾಸ್ತಿ. ಜರಡಿ ಹಿಡಿದು, ಬಿಸಿಲಿಗೆ ಒಣಗಿಸಿ, ಎರಡು ಇಂಚು ದಪ್ಪ ಹಾಸಿ, ಮೂರು ದಿನಕ್ಕೊಮ್ಮೆ ಬದಲಿಸಿ. ನಾಯಿಯ ಪೆಡಿಗ್ರಿಯಂಥ ಆಹಾರವನ್ನೇ ಸುರಿಯಬೇಡಿ. ಪ್ರೋಟೀನ್ ಹೆಚ್ಚಾದಷ್ಟೂ ಯೂರಿಯಾ ಹೆಚ್ಚು, ಘಾಟೂ ಹೆಚ್ಚು.

ಹಾವಿನ ಕಡೆಯ ತೊಂದರೆ ಬೇರೆ ಥರದ್ದು. ಇಲಿಯ ಚೀರಾಟ ಅದಕ್ಕೆ ಕೇಳುವುದಿಲ್ಲ, ಅದರ ಕಿವಿಗೆ ದಕ್ಕುವುದು ತಗ್ಗಿದ ಕಂಪನಗಳು ಮಾತ್ರ. ವಾಸನೆ ಮಾತ್ರ ನಾಲಗೆ ಚಾಚಿದಾಗಲೆಲ್ಲ ಸಿಗುತ್ತದೆ. ಹಗಲೂ ರಾತ್ರಿ ಊಟದ ವಾಸನೆ ಬರುತ್ತಿದ್ದರೆ ಕೆಲವು ಹಾವುಗಳು ಟಬ್ಬಿನ ಅಂಚಿಗೆ ಮೂತಿ ಉಜ್ಜಿ ಗಾಯ ಮಾಡಿಕೊಳ್ಳುತ್ತವೆ, ನೀರು ಬದಲಿಸಲು ಹೋದ ಕೈಗೂ ಬಾಯಿ ಹಾಕುತ್ತವೆ. ಇನ್ನು ಕೆಲವು ಊಟವನ್ನೇ ಬಿಡುತ್ತವೆ. ಅತ್ತ ಹಾವಿನ ವಾಸನೆಗೆ ಬೆದರಿದ ತಾಯಿಲಿ ಹೆತ್ತ ಮರಿಗಳನ್ನೇ ತಿನ್ನುವುದುಂಟು.

ಇದಕ್ಕೆಲ್ಲ ನಿಜವಾದ ಪರಿಹಾರ ಎಕ್ಸಾಸ್ಟ್ ಫ್ಯಾನ್. 10×10 ಅಡಿ ರೂಮು, 9 ಅಡಿ ಎತ್ತರ ಎಂದರೆ 900 ಘನ ಅಡಿ. ಗಂಟೆಗೆ ಹತ್ತು ಸಲ ಗಾಳಿ ಬದಲಾಗಲು ನಿಮಿಷಕ್ಕೆ 150 ಘನ ಅಡಿ ಎಳೆಯುವ ಫ್ಯಾನ್ ಬೇಕು. ಅದನ್ನು ಇಲಿ ರ‍್ಯಾಕಿನ ಹಿಂದಿನ ಗೋಡೆಗೇ ಕೂರಿಸಿ, ಗಾಳಿ ಒಳಬರುವ ದಾರಿ ಹಾವಿನ ಕಡೆಯಿಂದ ಇರಲಿ. ಆಗ ಗಾಳಿ ಹಾವನ್ನು ದಾಟಿ ಇಲಿಯ ಕಡೆ ಹೋಗುತ್ತದೆ, ವಾಸನೆ ವಾಪಸ್ ಬರುವುದಿಲ್ಲ. ಫ್ಯಾನಿಗೆ ಯುಪಿಎಸ್ ಲೈನ್ ಕೊಡಿ. ಕರೆಂಟ್ ಹೋದ ರಾತ್ರಿ ಕಿಟಕಿ ಮುಚ್ಚಿದ ರೂಮಿನಲ್ಲಿ ಘಾಟು ಕಟ್ಟಿಕೊಳ್ಳುತ್ತದೆ.

ಗ್ರಿಲ್ಲಿಗೆ ಎರಡೂ ಬದಿ ಕ್ಲಿಪ್ ಹಾಕುವುದನ್ನು ಮರೆಯಬೇಡಿ. ಹೊರಬಿದ್ದ ಇಲಿ ಮೊದಲು ಕಡಿಯುವುದು ವೈರನ್ನು. ಥರ್ಮೊಸ್ಟ್ಯಾಟಿನ ಸೆನ್ಸರ್ ವೈರನ್ನು ಟಬ್ಬಿನಿಂದ ಹೊರಗೆ ಎಳೆದುಹಾಕಿದರೆ ಅದು ರೂಮಿನ 25 ಡಿಗ್ರಿಯನ್ನೇ ಓದುತ್ತಾ ಹೀಟ್ ಮ್ಯಾಟನ್ನು ಆರಿಸುವುದೇ ಇಲ್ಲ, ಹಾವಿನ ಹೊಟ್ಟೆ ಸುಟ್ಟುಹೋಗುತ್ತದೆ. ವೈರುಗಳನ್ನು ಪಿವಿಸಿ ಕೇಸಿಂಗಿನಲ್ಲಿ ಹಾಕಿ, ಸೆನ್ಸರನ್ನು ಟಬ್ಬಿನೊಳಗೆ ಅಂಟಿಸಿ ಭದ್ರಪಡಿಸಿ.

ಕೊಳ್ಳುವ ಮುಂಚೆ ಒಂದು ಲೆಕ್ಕ. ಬೆಳೆದ ಬಾಲ್ ಪೈಥಾನಿಗೆ ಎರಡು ವಾರಕ್ಕೊಂದು ಇಲಿ ಎಂದರೆ ವರ್ಷಕ್ಕೆ 26. ಇಲಿಯ ಗರ್ಭ 21–23 ದಿನ, ಮರಿ ಹಾಲು ಬಿಡುವುದು 21 ದಿನಕ್ಕೆ, ಸಲಕ್ಕೆ 8ರಿಂದ 12 ಮರಿ. ಒಂದೇ ಹೆಣ್ಣು ಐದು ಸಲ ಹೆತ್ತರೂ 40ಕ್ಕೆ ಕಡಿಮೆಯಿಲ್ಲ. ಒಂದೆರಡು ಹಾವಿದ್ದವರಿಗೆ ಈ ಕೇಜೂ ಬೇಡ, ಈ ತಾಪತ್ರಯವೂ ಬೇಡ. ಫ್ರೋಜನ್ ಇಲಿ ತರಿಸಿ ಮೈನಸ್ 18 ಡಿಗ್ರಿಯಲ್ಲಿ, ಅಡುಗೆಗೆ ಬಳಸದ ಫ್ರೀಜರಿನಲ್ಲಿಡಿ. ರಾತ್ರಿ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ, ಕೊಡುವ ಮುಂಚೆ ಜಿಪ್ ಕವರಿನಲ್ಲಿ ಹಾಕಿ 40 ಡಿಗ್ರಿಯ ನೀರಿನಲ್ಲಿ ಅದ್ದಿಡಿ. ಹೊಟ್ಟೆ ಒತ್ತಿ ನೋಡಿದಾಗ ಒಳಗೆ ಗಟ್ಟಿ ಇರಬಾರದು. ಮೈಕ್ರೋವೇವ್ ಬೇಡ, ಹೊರಗೆ ಬೆಂದು ಒಳಗೆ ಐಸ್ ಉಳಿಯುತ್ತದೆ. ಐದಾರು ಹಾವಿದ್ದು, ಮೇಲೆ ಹೇಳಿದ ಫ್ಯಾನ್ ಹಾಕಿಸಬಲ್ಲವರು ಧೈರ್ಯವಾಗಿ ಈ ಕೇಜ್ ಕೊಳ್ಳಬಹುದು. ಜೊತೆಗೆ ಕೇಜಿಗೊಂದರಂತೆ ಹೆಚ್ಚುವರಿ ಬಾಟಲ್ ಬಿರಡೆ ತೆಗೆದಿಟ್ಟುಕೊಳ್ಳಿ, ಮೊದಲು ಹಾಳಾಗುವುದು ಅದೇ.