ಎಚ್‌ಟರ್ಟ್ ಆರ್‌ಪಿಇ-1 ಕೋಶಗಳು: ತರಿಸುವ ಮುನ್ನ ತಿಳಿದಿರಬೇಕಾದ್ದು

ಕ್ಯಾನ್ಸರ್ ಗೆಡ್ಡೆಯಿಂದ ಬಂದ ಹೀಲಾ ಎಂಬ ಕೋಶಗಳಲ್ಲಿ ಕ್ರೋಮೋಸೋಮ್‌ಗಳ ಲೆಕ್ಕವೇ ನೆಟ್ಟಗಿಲ್ಲ. ಕೋಶಚಕ್ರ, ಕ್ರೋಮೋಸೋಮ್ ಹಂಚಿಕೆ, ಸಿಲಿಯಾಗಳ (ಕೋಶದ ಮೇಲಿನ ಕೂದಲಿನಂಥ ಎಳೆಗಳು) ಮೇಲೆ ಕೆಲಸ ಮಾಡುವ ಲ್ಯಾಬಿಗೆ ಕೋಶಗಳನ್ನು ಮಾರುವ ಅಮೆರಿಕದ ಸಂಸ್ಥೆ ಎಟಿಸಿಸಿಯ ಸಿಆರ್‌ಎಲ್-4000, ಅಂದರೆ ಎಚ್‌ಟರ್ಟ್ ಆರ್‌ಪಿಇ-1, ಇವತ್ತಿಗೂ ಒಳ್ಳೆಯ ಆಯ್ಕೆ. ಮಾನವ ರೆಟಿನಾದ ವರ್ಣಕ ಪದರದ ಕೋಶಗಳಿಗೆ ಟೆಲೊಮರೇಸ್ ಕಿಣ್ವದ ಟರ್ಟ್ ಜೀನ್ ಸೇರಿಸಿ ಮಾಡಿದ ಸಾಲು (ಒಂದೇ ಮೂಲದಿಂದ ಬೆಳೆಸುತ್ತಾ ಹೋಗುವ ಕೋಶಗಳು) ಇದು. ಪ್ರತಿ ವಿಭಜನೆಗೂ ಸವೆಯುವ ಟೆಲೊಮಿಯರ್ (ಕ್ರೋಮೋಸೋಮ್‌ನ ತುದಿ) ಇಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಎಸ್‌ವಿ40 ವೈರಸ್‌ನ ಟಿ ಆಂಟಿಜೆನ್ ಎಂಬ ಪ್ರೋಟೀನ್ ಹಾಕಿ ಅಮರಗೊಳಿಸಿದ ಕೋಶಗಳಲ್ಲಿ ವಿಭಜನೆಗೆ ಕಡಿವಾಣ ಹಾಕುವ ಪಿ53, ಆರ್‌ಬಿ ಪ್ರೋಟೀನ್‌ಗಳೆರಡೂ ನಿಷ್ಕ್ರಿಯ. ಆರ್‌ಪಿಇ-1ರಲ್ಲಿ ಪಿ53 ಕೆಲಸ ಮಾಡುತ್ತಲೇ ಇರುತ್ತದೆ. ಕೊಟ್ಟ ಹಣಕ್ಕೆ ಸಿಗುವ ನಿಜವಾದ ಮೌಲ್ಯ ಇದೇ.

ತೊಂದರೆಯೂ ಅಲ್ಲಿಂದಲೇ ಬರುತ್ತದೆ. ಜೀನ್ ತಿದ್ದಲು ಬಳಸುವ ಕ್ರಿಸ್ಪರ್‌ನ ಕತ್ತರಿ ಕ್ಯಾಸ್9 ಡಿಎನ್‌ಎ ಕತ್ತರಿಸಿದೊಡನೆ ಪಿ53 ಎಚ್ಚೆತ್ತು ವಿಭಜನೆ ನಿಲ್ಲಿಸುತ್ತದೆ. 2018ರಲ್ಲಿ ಇದೇ ಕೋಶಗಳಲ್ಲಿ ಇದನ್ನು ತೋರಿಸಲಾಯಿತು. ಹಾಗಾಗಿ ನಾಕ್‌ಔಟ್ ಕ್ಲೋನ್‌ಗಳು (ಜೀನ್ ಕೆಡಿಸಿದ ಒಂದೇ ಕೋಶದ ಸಂತತಿ) ಕಡಿಮೆ ಸಿಗುತ್ತವೆ. ಬೆಳೆದು ಬಂದವುಗಳಲ್ಲಿ ಪಿ53 ಕೆಟ್ಟಿದೆಯೇ ಎಂದು ನೋಡಲೇಬೇಕು. ಹೊಸ ಜೀನ್ ಪಡೆದ ಕೋಶಗಳನ್ನು ಆರಿಸಲು ಬಳಸುವ ಔಷಧಿಗಳಲ್ಲಿ ಹೈಗ್ರೊಮೈಸಿನ್‌ಗೆ ನಿರೋಧ ಮೊದಲೇ ಇದೆ, ಲ್ಯಾಬ್‌ಗಳಲ್ಲಿ ಓಡಾಡುವ ಹಲವು ಸಾಲುಗಳು ಪ್ಯೂರೊಮೈಸಿನ್‌ಗೂ ಜಗ್ಗವು. ವೆಕ್ಟರ್ (ಜೀನ್ ಒಯ್ಯುವ ವಾಹಕ) ಆರಿಸುವ ಮೊದಲೇ ಔಷಧಿಯ ಕೊಲ್ಲುವ ಪ್ರಮಾಣ ಪರೀಕ್ಷಿಸಿ.

ಸಾಕುವುದು ಸುಲಭ: ಡಿಎಂಇಎಂ/ಎಫ್12 ಮೀಡಿಯಂ, 10% ಎಫ್‌ಬಿಎಸ್ (ಹಸುವಿನ ಭ್ರೂಣದ ಸೀರಮ್), 37 ಡಿಗ್ರಿ, 5% ಕಾರ್ಬನ್ ಡೈಆಕ್ಸೈಡ್. ವಯಲನ್ನು 37 ಡಿಗ್ರಿ ನೀರಲ್ಲಿ ಸುಮಾರು 2 ನಿಮಿಷ ಕರಗಿಸಿ, 9 ಮಿಲೀ ಮೀಡಿಯಂಗೆ ಸೇರಿಸಿ, ಮೆಲ್ಲಗೆ ಸ್ಪಿನ್ ಮಾಡಿ ಹೆಪ್ಪುಗಟ್ಟಿಸುವಾಗ ಹಾಕಿದ ರಕ್ಷಕ ಡಿಎಂಎಸ್‌ಒ ತೆಗೆಯಿರಿ. ತಟ್ಟೆ ಪೂರ್ತಿ ತುಂಬುವ ಮೊದಲೇ ಟ್ರಿಪ್ಸಿನ್ ಹಾಕಿ ಬಿಡಿಸಿ ಹಂಚಿ. ಸಿಲಿಯಾ ಬೇಕಿದ್ದರೆ ಮಾತ್ರ ಒತ್ತಾಗಿ ಬೆಳೆಸಿ, ಸೀರಮ್ ತೆಗೆದು 24–48 ಗಂಟೆ ಬಿಡಿ.

"ಸಾಮಾನ್ಯ ಕೋಶ" ಎಂಬ ಮಾತನ್ನು ಪೂರ್ತಿ ನಂಬಬೇಡಿ. 46 ಕ್ರೋಮೋಸೋಮ್‌ಗಳಿದ್ದರೂ ಒಂದು ಎಕ್ಸ್‌ಗೆ 10ನೆಯದರ ತುಂಡು ಅಂಟಿಕೊಂಡಿದೆ. ಕ್ಯಾನ್ಸರ್‌ಗೆ ನಂಟಿರುವ ಕೆರಾಸ್ ಜೀನ್‌ನಲ್ಲಿ ಮ್ಯುಟೇಷನ್ ಇದೆ. ಪ್ಯಾಸೇಜ್ (ಬಿಡಿಸಿ ಹಂಚಿದ ಸಲ) ಹೆಚ್ಚಿದಂತೆ 12ನೇ ಕ್ರೋಮೋಸೋಮ್‌ನ ಹೆಚ್ಚುವರಿ ಪ್ರತಿ ಇರುವ ಕೋಶಗಳು ಮೇಲುಗೈ ಪಡೆಯಬಹುದು. ಅಮರತ್ವ ಟೆಲೊಮಿಯರ್‌ಗಷ್ಟೇ, ಜೀನೋಮ್‌ಗಲ್ಲ. ಬಂದ ವಾರವೇ 10% ಡಿಎಂಎಸ್‌ಒದಲ್ಲಿ ನಿಮಿಷಕ್ಕೆ 1 ಡಿಗ್ರಿಯಂತೆ ತಣಿಸಿ ಸಾಕಷ್ಟು ವಯಲ್‌ಗಳನ್ನು ದ್ರವ ಸಾರಜನಕಕ್ಕೆ ಸೇರಿಸಿ, ಕ್ಯಾರಿಯೋಟೈಪ್ (ಕ್ರೋಮೋಸೋಮ್‌ಗಳ ಪರೀಕ್ಷೆ) ಮಾಡಿಸಿ. ಪಕ್ಕದ ಲ್ಯಾಬಿನಿಂದ ಬಿಟ್ಟಿ ತಂದದ್ದಾದರೆ ಎಸ್‌ಟಿಆರ್ ಪರೀಕ್ಷೆ (ಡಿಎನ್‌ಎಯಿಂದ ಕೋಶದ ಗುರುತು), ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆ ಆಗುವವರೆಗೆ ಬೇರೆ ಇನ್‌ಕ್ಯುಬೇಟರ್‌ನಲ್ಲೇ ಇಡಿ. ಮೈಕೊಪ್ಲಾಸ್ಮಾ ಮೀಡಿಯಂ ಕದಡುವುದಿಲ್ಲ, ಪೆನಿಸಿಲಿನ್‌ಗೂ ಸಾಯುವುದಿಲ್ಲ.

ರೆಟಿನಾದ ಸಂಶೋಧನೆಗೇ ಕೊಳ್ಳುವುದಾದರೆ ಬೇಡ. ಹೆಸರಲ್ಲಿ ವರ್ಣಕ ಪದರ ಇದ್ದರೂ ಈ ಕೋಶಗಳು ಕಣ್ಣಿನೊಳಗಿನ ಆ ಪದರದಂತೆ ಬಣ್ಣ ಕಟ್ಟಿ ಬಿಗಿಯಾಗಿ ಹೆಣೆದುಕೊಳ್ಳುವುದಿಲ್ಲ. ಐಪಿಎಸ್ ಕೋಶಗಳಿಂದ (ಯಾವ ಬಗೆಗೂ ತಿರುಗಬಲ್ಲಂತೆ ಮರಳಿಸಿದ ಕೋಶಗಳು) ಬೆಳೆಸಿದ ಪದರ ಆ ಕೆಲಸಕ್ಕೆ ಸರಿ.